ಡಬ್ಬಿಯೊಳಗಿನ ಕಂದು ಗೆರೆ

ನಮ್ಮ ಮಾವನಿಗೆ, ಅಂದರೆ ನನ್ನ ಗಂಡನ ಅಪ್ಪನಿಗೆ, ಯಾರ್ಡಿನವರು ಇಟ್ಟ ಹೆಸರು ಥೂ ಮೇಸ್ತ್ರಿ. ಎದುರಿಗೆ ಬರೀ ಮೇಸ್ತ್ರಿ, ಬೆನ್ನ ಹಿಂದೆ ಥೂ ಸೇರುತ್ತಿತ್ತು. ಟ್ರ್ಯಾಕ್ಟರು, ಲೋಡರು, ಕೊಯ್ಲಿನ ಯಂತ್ರಗಳನ್ನು ಬಾಡಿಗೆಗೆ ಕೊಡುವ ಯಾರ್ಡು ಅದು. ಬೆಳಿಗ್ಗೆ ಗಾಡಿಗಳು ಕೆಲಸಕ್ಕೆ ಹೊರಡುವ ಮುಂಚೆ ಒಂದೊಂದರಲ್ಲೂ ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಹೈಡ್ರಾಲಿಕ್ ಆಯಿಲ್, ಬ್ರೇಕ್ ಆಯಿಲ್ ಎಷ್ಟೆಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಅದೇ ಯಾರ್ಡಿನ ಆಫೀಸಿನಲ್ಲಿ ನಾನು ಗುಮಾಸ್ತೆ. ಹಾಗಾಗಿ ಮನೆಯಲ್ಲೂ ಅವರ ಥೂ, ಕೆಲಸದಲ್ಲೂ ಅವರ ಥೂ. ನನ್ನ ಹಣೆಬರಹ.

ಬೇರೆಯವರು ಮೂಗು ಮುಚ್ಚಿಕೊಳ್ಳುವ ಗ್ರೀಸು, ಮಸಿ, ಸುಟ್ಟ ಆಯಿಲಿನ ನಾತ ಇದ್ಯಾವುದೂ ಅವರನ್ನು ಏನೂ ಮಾಡುತ್ತಿರಲಿಲ್ಲ. ಅದೇ ಕೈಯಲ್ಲಿ ಚಹಾ ಲೋಟ ಹಿಡಿಯುವರು. ಆಯಿಲ್ ಒರೆಸುವ ಬಟ್ಟೆಗಳನ್ನು ಮನೆಗೆ ತಂದು ತಾವೇ ಒಗೆದು, ನನ್ನ ಮಗುವಿನ ಅಂಗಿಗಳ ಪಕ್ಕದಲ್ಲೇ ಸಾಲಾಗಿ ಒಣಹಾಕುವರು. ಎಷ್ಟು ಒಗೆದರೂ ವಾಸನೆ ಹೋಗದ ಆ ಚಿಂದಿಗಳನ್ನು ನಾನು ಮುಟ್ಟುತ್ತಲೂ ಇರಲಿಲ್ಲ. ಮಾವನಿಗೆ ಮಾತ್ರ ಹೇಸಿಗೆ ಹುಟ್ಟುತ್ತಿದ್ದದ್ದು ಮನುಷ್ಯರು ಅಳತೆ ನೋಡುವ ರೀತಿ ಕಂಡು.

ಇಳಿಜಾರಿನಲ್ಲಿ ನಿಂತ ಗಾಡಿಯಿಂದ ಆಯಿಲಿನ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡುವವನು ಒಬ್ಬ. ಎಂಜಿನ್ ಆರಿಸಿದ ಮರುಕ್ಷಣವೇ, ಆಯಿಲ್ ಇನ್ನೂ ಕೆಳಗೆ ಇಳಿಯುವ ಮೊದಲೇ ನೋಡಿ, ಕಡಿಮೆಯಿದೆ ಎಂದು ಮತ್ತೊಂದು ಲೀಟರ್ ಸುರಿಯುವವನು ಇನ್ನೊಬ್ಬ. ಒರೆಸದೆ, ಮೊದಲ ಸಲ ಎಳೆದ ಕಡ್ಡಿಯನ್ನೇ ನಂಬುವವರು ಕೆಲವರು. ಒರೆಸಿದರೂ ತೊಟ್ಟ ಪ್ಯಾಂಟಿಗೇ ಒರೆಸುವವರು ಹಲವರು.

"ಥೂ! ಮೂಗು ಒರೆಸ್ಕೊಂಡ ಹಾಗೆ ಒರೆಸ್ತಾನೆ. ಆ ಧೂಳೆಲ್ಲ ಎಂಜಿನ್ ಒಳಗೇ ಹೋಗತ್ತೆ ಅನ್ನೋ ಬುದ್ಧಿ ಬೇಡ್ವಾ?"

ನನ್ನ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ದಿನಾ ಒಂಚೂರು ಏರ್ತಾನೇ ಇರತ್ತೆ ಎಂದು ಬೀಗಿದ ಮಹಾನುಭಾವನೂ ಒಬ್ಬನಿದ್ದ. ಮಾವ ಕಡ್ಡಿ ಎಳೆದು ನೋಡಿದರೆ ಆಯಿಲು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ರೇಡಿಯೇಟರಿನ ನೀರು ಎಂಜಿನ್ನಿಗೆ ಇಳಿಯುತ್ತಿತ್ತು. ಏರುವ ಅಳತೆ ಇಳಿಯುವುದಕ್ಕಿಂತ ಕೆಟ್ಟದ್ದು ಎಂದು ಅವನಿಗೆ ಹೇಳಿ ಹೇಳಿ ಸುಸ್ತಾಗಿ, ಆ ರಾತ್ರಿ ಮಾವ ಊಟವನ್ನೇ ಮಾಡಲಿಲ್ಲ.

ಮನೆಯಲ್ಲೂ ಬಿಡುವು ಇರಲಿಲ್ಲ. ಮಗುವಿನ ಕೆಮ್ಮಿನ ಔಷಧಿಯನ್ನು ನಾನು ಮುಚ್ಚಳಕ್ಕೆ ಸುರಿದರೆ, ಅದನ್ನು ಮೇಜಿನ ಮೇಲೆ ಇರಿಸಿ, ತಾವು ಮಂಡಿಯೂರಿ ಕಣ್ಣನ್ನು ಅದರ ಸಮಕ್ಕೆ ತಂದು, "ಒಂದು ನೂಲು ಜಾಸ್ತಿ ಆಯ್ತಮ್ಮ" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮಾತು ಸರಿಯಾಗಿರುತ್ತಿತ್ತಲ್ಲ, ಅದಕ್ಕೆ ಇನ್ನಷ್ಟು ಉರಿಯುತ್ತಿತ್ತು.

ಅವರ ಥೂಗಳಲ್ಲಿ ಅರ್ಧಕ್ಕರ್ಧ ಒಬ್ಬನಿಗೇ ಮೀಸಲು. ಹಳದಿ ಲೋಡರಿನ ಡ್ರೈವರ್. ಅವನಿಗೆ ಎಲ್ಲರೂ ಆಯ್ತುಬಿಡಿ ಎನ್ನುತ್ತಿದ್ದರು. ಏನು ಕೇಳಿದರೂ ಬಾಯಲ್ಲಿನ ಬೆಂಕಿಕಡ್ಡಿಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ, "ಆಯ್ತು ಬಿಡಿ ಮೇಸ್ತ್ರಿ, ನೋಡಿದೀನಿ" ಎನ್ನುವನು. ಬಾನೆಟ್ ಎತ್ತದೆಯೇ ಒಳಗಿನದೆಲ್ಲ ನೋಡಿಬಿಡುವ ಗಟ್ಟಿಗ. ಜಗಿದ ಬೆಂಕಿಕಡ್ಡಿಗಳನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗುವನು. ನನಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಅವನು ಲೋಡರಿನ ಬಕೆಟ್ಟನ್ನು ಮೇಲೆ ಎತ್ತಿಟ್ಟುಕೊಂಡೇ ಹೈಡ್ರಾಲಿಕ್ ಆಯಿಲ್ ನೋಡಿದ್ದ. ಬಕೆಟ್ ಮೇಲಿದ್ದರೆ ಆಯಿಲ್ ಅದನ್ನು ಹೊತ್ತ ತೋಳುಗಳಲ್ಲಿರುತ್ತದೆ, ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ. ಇವನು ಡಬ್ಬಿಗಟ್ಟಲೆ ಸುರಿದಿದ್ದ. ಬಕೆಟ್ ಇಳಿಸಿದ ಕೂಡಲೇ ಟ್ಯಾಂಕು ಉಕ್ಕಿ ನೆಲವೆಲ್ಲ ಆಯಿಲ್. ಮಾವ ಹದಿನೈದು ನಿಮಿಷ ಉಗಿದರು. ನಾನು ಕಿಟಕಿಯಲ್ಲಿ ನಿಂತು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. ಬೈಯುತ್ತಲೇ ಉಳಿದದ್ದನ್ನೆಲ್ಲ ನೋಡಿ, ಬೈಯುತ್ತಲೇ ರಿಜಿಸ್ಟರಿನಲ್ಲಿ ಸರಿ, ಸರಿ, ಸರಿ ಎಂದು ಬರೆದರು.

ಹನ್ನೊಂದು ಗಂಟೆಗೆ ಆ ಲೋಡರು ಮಣ್ಣು ತುಂಬಿಕೊಂಡು ಇಳಿಜಾರಿನಲ್ಲಿ ಬಂದದ್ದು ನಿಲ್ಲದೆ ಸ್ಟೋರಿನ ಗೋಡೆಗೆ ನುಗ್ಗಿತು. ಗೋಡೆಯ ಆಚೆ ಕೂರುವ ಸ್ಟೋರಿನಾಕೆ ಅದೇ ತಾನೆ ನೀರು ಕುಡಿಯಲು ಎದ್ದು ಹೋಗಿದ್ದಳು. ಅವಳ ಕುರ್ಚಿ ಅಪ್ಪಚ್ಚಿಯಾಗಿತ್ತು. ಡ್ರೈವರನ ತುಟಿ ಸೀಳಿ ಅಂಗಿಯೆಲ್ಲ ರಕ್ತ.

"ಬ್ರೇಕ್ ಹಿಡೀಲಿಲ್ಲ ಸಾರ್," ಎಂದ ಅವನು.

ಮ್ಯಾನೇಜರ್ ಬಗ್ಗಿ ಬ್ರೇಕ್ ಆಯಿಲಿನ ಬಿಳಿ ಪ್ಲಾಸ್ಟಿಕ್ ಡಬ್ಬಿ ನೋಡಿದರು. "ಗೆರೆ ತನಕ ಇದೆಯಲ್ಲಯ್ಯಾ! ಮೇಸ್ತ್ರಿ ಸರಿ ಅಂತ ಬರೆದಿದಾರೆ. ನೀನು ಬ್ರೇಕ್ ಮೇಲೆ ಕಾಲೇ ಇಟ್ಟಿಲ್ಲ." ನನ್ನ ಕಡೆ ತಿರುಗಿ, "ಇವನನ್ನ ಕೆಲಸದಿಂದ ತೆಗೆಯೋ ಕಾಗದ ರೆಡಿ ಮಾಡಮ್ಮ. ಊಟ ಆದ ಮೇಲೆ ಸೈನ್ ಹಾಕ್ತೀನಿ," ಎಂದರು. ಅವನ ಮಾತನ್ನು ಯಾರೂ ನಂಬಲಿಲ್ಲ. ನಾನಂತೂ ಖುಷಿಯಿಂದಲೇ ನಂಬಲಿಲ್ಲ.

ಕಾಗದಕ್ಕೆ ಗಾಡಿಯ ನಂಬರ್ ಬೇಕಿತ್ತು. ಬರೆದುಕೊಳ್ಳಲು ಹೋದಾಗ ಮಾವ ಒಬ್ಬರೇ ಲೋಡರಿನ ಹತ್ತಿರ ನಿಂತು ಆ ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತಿದ್ದರು. ಮತ್ತೆ ತಟ್ಟಿದರು. ಒಳಗೆ ಆಯಿಲಿನ ಮಟ್ಟದಂತೆ ಕಾಣುತ್ತಿದ್ದ ಕಂದು ಗೆರೆ ಅಲುಗಲಿಲ್ಲ.

"ಆಯಿಲ್ ಇದ್ರೆ ನಡುಗಬೇಕು ಕಣಮ್ಮ," ಎಂದರು. "ಇದು ಆಯಿಲ್ ಅಲ್ಲ. ವರ್ಷಗಟ್ಟಲೆ ಆಯಿಲ್ ನಿಂತು ಹಿಡಿದಿರೋ ಕರೆ."

ಮುಚ್ಚಳ ತೆಗೆದು ತೋರಿಸಿದರು. ಡಬ್ಬಿಯ ತಳ ಒಣಗಿತ್ತು. ಹಿಂದಿನ ಚಕ್ರದ ಒಳಬದಿಯಲ್ಲಿ ಪೈಪಿನಿಂದ ಆಯಿಲ್ ಸೋರಿ ಮಣ್ಣು ಮೆತ್ತಿಕೊಂಡಿತ್ತು.

"ದಿನಾ ತಟ್ಟಿ ನೋಡ್ತೀನಿ. ಇವತ್ತು ಅವನನ್ನ ಬೈಯೋ ಭರದಲ್ಲಿ ಕಣ್ಣು ಹಾಯಿಸಿದೆ, ಅಷ್ಟೆ."

ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. "ಮಾವ, ಮುಚ್ಚಳ ಹಾಕಿ," ಎಂದೆ. "ಇನ್ನು ಎಂಟು ತಿಂಗಳಿಗೆ ರಿಟೈರ್ ಆಗ್ತೀರ. ಅವನು ಹೇಗಿದ್ರೂ ದಂಡಪಿಂಡ. ಇವತ್ತಲ್ಲ ನಾಳೆ ಹೋಗೋನೇ."

ಕಡ್ಡಿಯನ್ನು ಪ್ಯಾಂಟಿಗೆ ಒರೆಸುವವರನ್ನು ನೋಡುತ್ತಿದ್ದರಲ್ಲ, ಹಾಗೆ ನನ್ನನ್ನು ನೋಡಿದರು. ಥೂ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೆಟ್ಟಗೆ ಆಫೀಸಿಗೆ ನಡೆದರು. ಡ್ರೈವರ್ ಬೆಂಚಿನ ಮೇಲೆ ತುಟಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಮಾವ ರಿಜಿಸ್ಟರ್ ತೆಗೆದು, ಬ್ರೇಕ್ ಆಯಿಲಿನ ಸಾಲಿನಲ್ಲಿದ್ದ ಸರಿ ಎಂಬುದನ್ನು ಹೊಡೆದುಹಾಕಿ, ಮೇಲೆ 'ನೋಡಿಲ್ಲ' ಎಂದು ಬರೆದು ಮ್ಯಾನೇಜರ್ ಮುಂದೆ ಇಟ್ಟರು. ನಡೆದದ್ದನ್ನು ಹೇಳಿದರು. ಮ್ಯಾನೇಜರ್ ಎದ್ದು ಹೋಗಿ ಡಬ್ಬಿ ನೋಡಿ ಬಂದರು.

"ಹಾಗಾದ್ರೆ ಕಾಗದದಲ್ಲಿ ನಿಮ್ಮ ಹೆಸರು ಹಾಕ್ಬೇಕಾಗತ್ತೆ ಮೇಸ್ತ್ರಿ. ಇಷ್ಟು ವರ್ಷದ ಸರ್ವೀಸಿಗೆ ಮನೆಗೆ ಕಳಿಸಲ್ಲ. ಆದ್ರೆ ಗಾಡಿ ನೋಡೋ ಕೆಲಸ ಇನ್ನು ಬೇಡ. ಗೇಟಲ್ಲಿ ಕೂತ್ಕೊಳ್ಳಿ."

"ಹಾಕಿ ಸಾರ್," ಎಂದರು ಮಾವ.

ನಾನು ಕಂಪ್ಯೂಟರಿನಲ್ಲಿ ಡ್ರೈವರನ ಹೆಸರು ಅಳಿಸಿ ನಮ್ಮ ಮಾವನ ಹೆಸರು ಒತ್ತಿದೆ, ಕೆಲಸದಿಂದ ತೆಗೆದಿದೆ ಎಂಬಲ್ಲಿ ಗೇಟಿಗೆ ಹಾಕಿದೆ ಎಂದು ತಿದ್ದಿದೆ. ಪ್ರಿಂಟರು ಕಾಗದವನ್ನು ಹೊರಹಾಕುತ್ತಿದ್ದಾಗ ಬೆಂಚಿನ ಕಡೆಯಿಂದ ಊದಿದ ಬಾಯಿಯ ಮಾತು ಕೇಳಿತು. "ಆಯ್ತು ಬಿಡಿ ಮೇಸ್ತ್ರಿ."

"ಬಿಡೋದಲ್ಲ ಕಣೋ!" ಮಾವ ಅವನ ಮುಂದೆ ಬಂದು ನಿಂತರು. "ಹದಿನೈದು ನಿಮಿಷ ನಿನಗೆ ಉಗಿದೆ. ಅಲ್ಲಿ ಆ ಹೆಂಗಸು ಕೂತಿದ್ದಿದ್ರೆ? ಬೈ ನನ್ನ."

ಅವನು ತುಟಿಯ ಮೇಲಿನ ಬಟ್ಟೆ ತೆಗೆದ.

"ಥೂ," ಎಂದ ಮೆಲ್ಲಗೆ.

ಮಾವ ತಲೆ ಆಡಿಸಿದರು. ಹೆಗಲ ಮೇಲಿದ್ದ ಒರೆಸುವ ಬಟ್ಟೆಯನ್ನು ಮಡಚಿ ಅವನ ಪಕ್ಕದಲ್ಲಿಟ್ಟು, ಗೇಟಿನ ಕಡೆ ಹೋದರು.

ಮುಚ್ಚಳ ಹಾಕಿ ಎಂದು ನಾನು ಹೇಳಿದ್ದು ಮಾವನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅವರೂ ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ. ಸಂಜೆ ಹಗ್ಗದ ಮೇಲೆ ಒಣಗಿದ್ದ ಚಿಂದಿಗಳನ್ನು ಮೊದಲ ಸಲ ನಾನೇ ತೆಗೆದು ಮಡಚಿಟ್ಟೆ. ವಾಸನೆ ಹಾಗೇ ಇತ್ತು. ಥೂ ಎಂದೆ. ಆದರೆ ಅದು ಆ ಬಟ್ಟೆಗಳಿಗಲ್ಲ, ನನಗೆ.