ಒಂದೇ ಯಂತ್ರದಲ್ಲಿ ಒಂಬತ್ತು ಎಲೆ

ನನಗೆ ಬೈಯಲು ಚೆನ್ನಾಗಿ ಬರುತ್ತದೆ, ಇಲ್ಲ ಅನ್ನಲು ಬರುವುದಿಲ್ಲ. ಯಾರಾದರೂ ಏನಾದರೂ ಕೇಳಿದರೆ ಮೊದಲು ಐದು ನಿಮಿಷ ಕೂಗಾಡುತ್ತೇನೆ, ಆಮೇಲೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಟ್ಟು ಕಳಿಸುತ್ತೇನೆ. ದಾಕ್ಷಿಣ್ಯ ನಮ್ಮ ಕಡೆಯವರ ಹಳೇ ಕಾಯಿಲೆ. ಸೋಸಲೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ತುಸು ಜೋರಾಗಿಯೇ ಅಂಟಿದೆ. ಈ ಕಾಯಿಲೆಯಿಂದ ನನಗಷ್ಟೇ ನಷ್ಟವಾಗಿದ್ದರೆ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಇನ್ನೊಬ್ಬರ ಕೆಲಸ ಹೋಗುವುದರಲ್ಲಿತ್ತು.

ನಂಜನಗೂಡಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಸಂಸ್ಥೆಯದೇ ಇನ್ನೊಂದು ಕಾಲೇಜು ಟಿ. ನರಸೀಪುರದಲ್ಲಿದೆ. ಎರಡಕ್ಕೂ ಸೇರಿ ನಮ್ಮ ಸರ್ವರ್ ಕೋಣೆಯಲ್ಲಿ ಒಂಬತ್ತು ಹಳೇ ಸರ್ವರುಗಳಿದ್ದವು. ಹಾಜರಾತಿಗೊಂದು, ಗ್ರಂಥಾಲಯಕ್ಕೊಂದು, ಹಾಸ್ಟೆಲಿಗೊಂದು, ಪರೀಕ್ಷೆಗೊಂದು, ಹೀಗೆ. ಒಂದು ಕೆಮ್ಮಿದರೆ ಇನ್ನೊಂದು ಸೀನುತ್ತಿತ್ತು. ಬೇಸಿಗೆಯಲ್ಲಿ ಆ ಕೋಣೆಯೊಳಗೆ ಹಪ್ಪಳ ಒಣಗಿಸಬಹುದಾಗಿತ್ತು.

ಇವನ್ನೆಲ್ಲ ಎತ್ತಿಟ್ಟು ಒಂದೇ ದೊಡ್ಡ ಯಂತ್ರ ತರೋಣ, ಅದರೊಳಗೇ ಒಂಬತ್ತು ಯಂತ್ರಗಳಿರುವ ಹಾಗೆ ಮಾಡೋಣ ಎಂದು ಸಭೆಯಲ್ಲಿ ಹೇಳಿದವನು ನಾನೇ. ಇದಕ್ಕೆ ವರ್ಚುವಲೈಸೇಶನ್ ಅನ್ನುತ್ತಾರೆ. ಸಂಸ್ಥೆಯ ಕಾರ್ಯದರ್ಶಿಗಳು ಕನ್ನಡಕ ಕೆಳಗಿಳಿಸಿ ನೋಡಿದರು.

"ಮೈಸೂರಿನ ಕಂಪನಿಯೋರಿಗೆ ಕೊಟ್ರೆ ತಲೆನೋವೇ ಇರಲ್ಲ ಕಣ್ರೀ. ನೀವೇ ಮಾಡ್ತೀನಿ ಅಂತೀರಾ, ಮಾಡಿ. ಎರಡೂ ಕಾಲೇಜಿನ ಆನ್‌ಲೈನ್ ಪರೀಕ್ಷೆ ಇದರ ಮೇಲೆ ಸಲೀಸಾಗಿ ನಡೀಬೇಕು. ನಡೀಲಿಲ್ಲ ಅಂದ್ರೆ ಕೆಲಸ ಮೈಸೂರಿಗೆ. ಆಗ ನಿಮ್ಮ ವಿಭಾಗದ ಆ ಟೆಂಪರರಿ ಪೋಸ್ಟೂ ಬೇಕಾಗಲ್ಲ."

ಆ ಟೆಂಪರರಿ ಪೋಸ್ಟಿನಲ್ಲಿದ್ದವಳು ತಗಡೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೆಣ್ಣುಮಗಳು. ಮೂವತ್ತೈದರ ಆಸುಪಾಸು, ಇಬ್ಬರು ಮಕ್ಕಳ ತಾಯಿ. ಡೇಟಾ ಎಂಟ್ರಿಗೆ ಅಂತ ಸೇರಿ ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ನನ್ನ ಹಿಂದೆ ನಿಂತು ನೋಡಿ ನೋಡಿಯೇ ಅರ್ಧ ವಿದ್ಯೆ ಕಲಿತುಕೊಂಡಿದ್ದಳು. ಪೋಸ್ಟ್ ಕಾಯಂ ಆಗುತ್ತದೆಂದು ಪ್ರತಿ ವರ್ಷ ಜೂನ್‌ನಲ್ಲಿ ಕಾಯುತ್ತಿದ್ದಳು. ಸಭೆಯ ಸುದ್ದಿ ಹೇಳಿದಾಗ ಅವಳು ಅಳಲಿಲ್ಲ, ಗಾಬರಿಯಾಗಲಿಲ್ಲ.

"ಅಂಗಾರೆ ಸರಿಯಾಗ್ ಮಾಡದು ಬುಡಿ ಸಾ" ಎಂದಳು, ಅಷ್ಟೇ.

ಹೊಸ ಯಂತ್ರ ಬಂದ ದಿನ ಅವಳಿಗೆ ಪಾಠ ಮಾಡಿದೆ. ದೊಡ್ಡ ಯಂತ್ರಕ್ಕೆ ಹೋಸ್ಟ್ ಎಂದು ಹೆಸರು, ಅಂದರೆ ಊಟ ಹಾಕುವ ಮನೆಯವರು. ಒಳಗಿನ ಒಂಬತ್ತಕ್ಕೆ ಗೆಸ್ಟ್, ಅಂದರೆ ನೆಂಟರು. ಪ್ರತಿ ನೆಂಟನಿಗೂ ಇಂತಿಷ್ಟು ಮೆಮೊರಿ ಎಂದು ನಾವು ಬಡಿಸಬೇಕು. ನನ್ನ ಹೋಲಿಕೆಗೆ ನಾನೇ ಮೆಚ್ಚಿಕೊಂಡೆ. ಅವಳು ನಗುತ್ತಾ ನೋಟ್‌ಬುಕ್ಕಿನಲ್ಲಿ ಒಂಬತ್ತು ಬಾಳೆಲೆ ಬರೆದುಕೊಂಡಳು.

ಒಂದೇ ವಾರದಲ್ಲಿ ಒಂಬತ್ತೂ ಹಳೇ ಯಂತ್ರಗಳು ಹೊಸದರೊಳಗೆ ಹೋಗಿ ಕುಳಿತವು. ಮೊದಲನೆಯದು ಎದ್ದು ಪರದೆಯ ಮೇಲೆ ಮೊಗ ತೋರಿಸಿದಾಗ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಒಂಬತ್ತನೆಯದಕ್ಕೆ ಇಡೀ ವಿಭಾಗಕ್ಕೆ ಮೈಸೂರು ಪಾಕ್ ಹಂಚಿದೆ. ಖಾಲಿಯಾದ ಕೋಣೆಯಲ್ಲಿ ಕೈ ಬೀಸಿಕೊಂಡು ಓಡಾಡಬಹುದಾಗಿತ್ತು. ಅಂಥ ಸಂತೋಷ ನನಗೆ ಮನೆ ಕಟ್ಟಿ ಮುಗಿಸಿದಾಗಲೂ ಆಗಿರಲಿಲ್ಲ.

ಆಮೇಲೆ ಕೇಳುವವರು ಶುರುವಾದರು. ಗ್ರಂಥಪಾಲಕರು ಬಂದು, "ನಮ್ಮದು ನಿಧಾನ, ಸ್ವಲ್ಪ ಜಾಸ್ತಿ ಮೆಮೊರಿ ಹಾಕಿ ಸ್ವಾಮಿ" ಎಂದರು. ನಾನು ಕೂಗಾಡಿದೆ, ಎಂಟಿದ್ದದ್ದನ್ನು ಹದಿನಾರು ಜಿಬಿ ಮಾಡಿದೆ. ಅದು ಹಾಸ್ಟೆಲ್ ವಾರ್ಡನ್ ಕಿವಿಗೆ ಬಿತ್ತು. ಅವರಿಗೂ ಬೈದೆ, ಅವರಿಗೂ ಹಾಕಿದೆ. ಹಾಜರಾತಿಯವರು ಮನೆಯಿಂದ ಕೋಡುಬಳೆ ತಂದು ಎದುರಿಗಿಟ್ಟು ಕೇಳಿದರು. ಕೋಡುಬಳೆ ತಿಂದ ಮೇಲೆ ಇಲ್ಲ ಅನ್ನುವುದು ಹೇಗೆ? ಪರೀಕ್ಷಾ ವಿಭಾಗಕ್ಕಂತೂ ಯಾರೂ ಕೇಳದೆಯೇ ಎಲ್ಲರಿಗಿಂತ ದೊಡ್ಡ ಪಾಲು ಕೊಟ್ಟೆ. ನೂರಿಪ್ಪತ್ತೆಂಟು ಜಿಬಿ ಇದ್ದ ಯಂತ್ರದಲ್ಲಿ ನೂರ ಅರವತ್ತು ಹಂಚಿ ಕೂತಿದ್ದೆ. ಎಲ್ಲರೂ ಒಟ್ಟಿಗೆ ಉಣ್ಣುವುದಿಲ್ಲ, ನಡೆದುಹೋಗುತ್ತದೆ ಎಂದು ಅಂದಾಜು.

ಗುರುವಾರ ಮಾಕ್ ಟೆಸ್ಟ್ ಇಟ್ಟೆವು. ನಿಜವಾದ ಪರೀಕ್ಷೆ ಸೋಮವಾರ. ಎರಡೂ ಊರಿನ ಹುಡುಗರು ಒಟ್ಟಿಗೆ ಲಾಗಿನ್ ಆದರು, ಅದೇ ಹೊತ್ತಿಗೆ ಹಾಜರಾತಿಯವರು, ಗ್ರಂಥಾಲಯದವರು ಎಲ್ಲರೂ ಕೆಲಸಕ್ಕೆ ಕೂತಿದ್ದರು. ಹನ್ನೆರಡನೇ ನಿಮಿಷಕ್ಕೆ ಪರೀಕ್ಷೆಯ ಯಂತ್ರ ಮಾಯವಾಯಿತು. ನಿಂತದ್ದಲ್ಲ, ಮಾಯವಾದದ್ದು. ಹೋಸ್ಟಿನ ಸ್ವಭಾವವೇ ಹಾಗೆ: ತನಗೇ ಮೆಮೊರಿ ಸಾಲದಾದರೆ ತಾನು ಬದುಕಿಕೊಳ್ಳಲು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿರುವವನನ್ನು ಊಟದ ನಡುವೆಯೇ ಎಬ್ಬಿಸಿ ಕಳಿಸುತ್ತದೆ. ನಾನು ಪ್ರೀತಿಯಿಂದ ಅತಿ ದೊಡ್ಡ ಎಲೆ ಹಾಕಿದ್ದವನೇ ಮೊದಲು ಆಚೆ ಹೋದ.

ಕಾರ್ಯದರ್ಶಿಗಳ ಫೋನು ಬಂತು. "ಸೋಮವಾರ ನೋಡ್ತೀನಿ" ಎಂದಷ್ಟೇ ಹೇಳಿ ಇಟ್ಟರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ನನಗೋಸ್ಕರವೇ ಕಟ್ಟಿದ್ದು ಅನ್ನಿಸಿತು. ಇನ್ನಷ್ಟು ಮೆಮೊರಿ ತರಿಸೋಣವೆಂದರೆ ಬರಲು ಹತ್ತು ದಿನ. ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ತಪ್ಪಿಗೆ ಅವಳ ಅನ್ನಕ್ಕೆ ಕುತ್ತು ಬಂತಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಅವಳು ಸ್ಟೂಲೆಳೆದುಕೊಂಡು ಪಕ್ಕದಲ್ಲಿ ಕೂತಳು.

"ಸಾ, ಒಂದ್ ಮಾತ್ ಏಳ್ಲಾ? ನೀವು ಬಡ್ಸಿದ್ದು ತಪ್ಪು."

"ತಪ್ಪು ಅಂತ ನನಗೂ ಗೊತ್ತಮ್ಮ!" ಎಂದು ರೇಗಿದೆ.

"ಅಂಗಲ್ಲ ಸಾ. ನಮ್ ಸಂಘದ್ ಎಂಗಸ್ರು ಬಾನ್ವಾರ ಛತ್ರದಲ್ಲಿ ಮದ್ವೆ ಊಟಕ್ಕೆ ಬಡ್ಸಾಕ್ ಓಯ್ತೀವಲ್ಲ, ಅಲ್ಲಿ ಬಾಯ್ ನೋಡಿ ಬಡ್ಸಲ್ಲ, ಎಲೆ ನೋಡಿ ಬಡ್ಸ್ತೀವಿ. ಆಕಿ ಆಕಿ ಅನ್ನೋರ್ ಎಲೇಲೇ ಜಾಸ್ತಿ ಉಳಿಯದು. ಈ ಒಂಬತ್ತರ ಎಲೆ ನೋಡುದ್ರಾ ನೀವು?"

ನೋಡಿರಲಿಲ್ಲ. ಯಾವ ಯಂತ್ರ ಎಷ್ಟು ಮೆಮೊರಿ ಬಳಸುತ್ತಿದೆ ಎಂಬ ನಕ್ಷೆ ಪರದೆಯಲ್ಲೇ ಇತ್ತು, ಒಂದು ಸಲವೂ ತೆರೆದಿರಲಿಲ್ಲ. ಅವಳು ತೆರೆದಳು. ಗ್ರಂಥಾಲಯಕ್ಕೆ ಹದಿನಾರು ಹಾಕಿದ್ದೆ, ತಿನ್ನುತ್ತಿದ್ದದ್ದು ಮೂರು. ಹಾಸ್ಟೆಲಿನದು ಎರಡು. ಕೋಡುಬಳೆಯವರದು ಒಂದೂವರೆ! ಉಳಿದದ್ದನ್ನೆಲ್ಲ ಅವು ಸುಮ್ಮನೆ ಎಲೆಯಲ್ಲೇ ಇಟ್ಟುಕೊಂಡು ಕೂತಿದ್ದವು.

ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಕೂತು ಉಂಡವನು ನಾನು. ಮಠದಲ್ಲಿ, ಮದುವೆಯಲ್ಲಿ, ಮುಂಜಿಯಲ್ಲಿ. ಪಂಕ್ತಿಯ ವಿಷಯ ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡಿದ್ದೆ. ಬಗ್ಗಿ ಬಡಿಸಿದವರಿಗೆ ಗೊತ್ತಿರುವುದು ಬೇರೆಯೇ ಎಂದು ಅವತ್ತು ತಿಳಿಯಿತು. ನಾಚಿಕೆಯೂ ಆಯಿತು.

"ಆದರೆ ಕಡಿಮೆ ಮಾಡಿದ್ರೆ ಎಲ್ಲರೂ ಬಂದು ಕೇಳ್ತಾರಲ್ಲಮ್ಮ, ಏನು ಹೇಳಲಿ?"

"ಏನೂ ಏಳ್ಬ್ಯಾಡಿ. ಸೌಟು ತುಂಬ್ಸಿದಂಗ್ ಕಾಣ್ಬೇಕು, ಬೀಳದು ಬೇಕಾದೋಟೆ ಬೀಳ್ಬೇಕು."

ಶುಕ್ರವಾರ, ಶನಿವಾರ ಕೂತು ಪ್ರತಿಯೊಂದಕ್ಕೂ ಅದು ತಿನ್ನುವುದರ ಮೇಲೆ ಸ್ವಲ್ಪ ಸೇರಿಸಿ ಮಿಕ್ಕದ್ದನ್ನು ವಾಪಸು ತೆಗೆದಳು. ಹೋಸ್ಟಿಗೂ ಒಂದು ಪಾಲು ಎತ್ತಿಟ್ಟಳು: "ಬಡ್ಸೋರ್ಗೂ ಒಂದಿಷ್ಟ್ ಉಳೀಬೇಕು ಸಾ, ಇಲ್ದಿದ್ರೆ ಕಡೆಗೆ ಅವ್ರೇ ಬಿದ್ದೋಯ್ತಾರೆ." ಇನ್ನೊಂದನ್ನೂ ಮಾಡಿದಳು. ಕರೆಂಟು ಹೋಗಿ ಬಂದರೆ ಒಂಬತ್ತೂ ಒಟ್ಟಿಗೆ ಎದ್ದು ನೂಕುನುಗ್ಗಲು ಮಾಡುತ್ತಿದ್ದವು. ಅದಕ್ಕೂ ಪಂಕ್ತಿ ಕಟ್ಟಿದಳು. ಮೊದಲು ವಿದ್ಯಾರ್ಥಿಗಳ ವಿವರ ಇರುವ ಡೇಟಾಬೇಸು, ಅದು ಎದ್ದು ಕೂತ ಮೇಲೆ ಪರೀಕ್ಷೆ, ಉಳಿದವು ಅರ್ಧ ಗಂಟೆ ಬಿಟ್ಟು.

ಶನಿವಾರ ಮಧ್ಯಾಹ್ನ ಗ್ರಂಥಪಾಲಕರು ಬಂದು ನನ್ನ ಕೈ ಹಿಡಿದುಕೊಂಡರು. "ಜಾಸ್ತಿ ಹಾಕಿಕೊಟ್ರಲ್ಲ, ಈಗ ನೋಡಿ ಎಷ್ಟು ಫಾಸ್ಟಾಗಿದೆ!" ಹದಿನಾರನ್ನು ಐದು ಮಾಡಿ ಎರಡು ಗಂಟೆಯಾಗಿತ್ತು. ಅವಳು ಕೀಬೋರ್ಡಿನ ಮೇಲೆ ಬಗ್ಗಿ ನಗು ನುಂಗಿದಳು. ನಾನು ಕೆಮ್ಮಿದೆ.

ಸೋಮವಾರ ಪರೀಕ್ಷೆ ಹತ್ತು ಗಂಟೆಗೆ. ಒಂಬತ್ತೂ ಮೂವತ್ತೈದಕ್ಕೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಅರ್ಧ ಗಂಟೆ ಬರುತ್ತದೆಂದು ನಂಬಿದ್ದೆವು, ನಾಲ್ಕೇ ನಿಮಿಷಕ್ಕೆ ಕೈಕೊಟ್ಟಿತು. ಜನರೇಟರ್ ಗುಡುಗುಟ್ಟಿ ಶುರುವಾಗುವಷ್ಟರಲ್ಲಿ ಹೊಸ ಯಂತ್ರ ಆರಿಹೋಗಿತ್ತು. ಕಾರ್ಯದರ್ಶಿಗಳು ಆಗಲೇ ಬಂದು ಪರೀಕ್ಷಾ ಕೊಠಡಿಯಲ್ಲಿ ಕೂತಿದ್ದರು. ನಾನು ಬೆವರುತ್ತಾ ಸ್ವಿಚ್ ಒತ್ತಿದೆ. ಯಂತ್ರ ತನ್ನ ಪಾಡಿಗೆ ತಾನು ನಿಧಾನವಾಗಿ ಏಳತೊಡಗಿತು.

ಆಗ ಗ್ರಂಥಾಲಯದಿಂದ ಫೋನು. "ಸ್ವಾಮಿ, ಇಲ್ಲಿ ಹುಡುಗರು ಸಾಲುಗಟ್ಟಿದಾರೆ, ನಮ್ಮದೊಂದು ಮೊದಲು ಆನ್ ಮಾಡಿಬಿಡಿ, ನಿಮಗೇನು ಒಂದು ಕ್ಲಿಕ್ಕು." ಅಭ್ಯಾಸದಂತೆ ಕೂಗಾಡಿದೆ. ಕೂಗಾಡಿ ಮುಗಿಸಿ, ಅಭ್ಯಾಸದಂತೆಯೇ ಕೈ ಮೌಸಿನ ಕಡೆಗೆ ಹೋಯಿತು. ಒಂದು ಕ್ಲಿಕ್ಕು ತಾನೇ.

ಅವಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಆರು ವರ್ಷದಲ್ಲಿ ಮೊದಲ ಸಲ.

"ಸಾ, ಮೊದ್ಲ್ನೇ ಪಂಕ್ತಿ ಕೂತ್ಬುಟ್ಟದೆ. ನೀವು ಎರಡ್ನೇ ಪಂಕ್ತಿಗ್ ಬನ್ನಿ" ಎಂದು ಹೇಳಿ ಇಟ್ಟೇ ಬಿಟ್ಟಳು.

ಒಂಬತ್ತೂ ಐವತ್ತಕ್ಕೆ ಡೇಟಾಬೇಸು ಎದ್ದಿತು. ಐವತ್ತಾರಕ್ಕೆ ಪರೀಕ್ಷೆಯ ಯಂತ್ರ. ಹತ್ತಕ್ಕೆ ಸರಿಯಾಗಿ ಎರಡೂ ಊರಿನ ಮಕ್ಕಳು ಒಳಗೆ. ಒಂದು ಗಂಟೆ ಹದಿನೈದು ನಿಮಿಷ ನಾವಿಬ್ಬರೂ ಆ ನಕ್ಷೆಯ ಗೆರೆಯನ್ನೇ ನೋಡುತ್ತಾ ಕೂತೆವು. ಗೆರೆ ಮೇಲೇರಿತು, ನಿಂತಿತು, ಅಲುಗಾಡಲಿಲ್ಲ. ಕೊನೆಯ ಹುಡುಗ ಉತ್ತರ ಕಳಿಸಿದಾಗ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗಂತೂ ಕುಣಿಯಬೇಕು ಅನ್ನಿಸಿತು. ವಯಸ್ಸು ನೋಡಿ ಸುಮ್ಮನಾದೆ.

ಕಾರ್ಯದರ್ಶಿಗಳು ಬಂದು ನನ್ನ ಬೆನ್ನು ತಟ್ಟಿದರು. "ಭೇಷ್ ಕಣ್ರೀ! ಕರೆಂಟು ಹೋದ್ರೂ ನಡೆಸಿಬಿಟ್ರಲ್ಲ!" ಹೊಗಳಿಕೆ ರುಚಿಯಾದ ವಸ್ತು. ಒಂದು ಕ್ಷಣ ಬಾಯಲ್ಲಿಟ್ಟುಕೊಂಡೇ ಇದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಹೇಳಿದೆ:

"ಗುರುವಾರ ಕೆಡಿಸಿದ್ದು ನಾನು ಸಾರ್. ಇವತ್ತು ನಡೆಸಿದ್ದು ಇವರು."

ಅವರು ಅವಳ ಕಡೆ ತಿರುಗಿ, ಏನು ಮಾಡಿದಿರಿ ಎಂದು ಕೇಳಿದರು. ಅವಳು ನಕ್ಷೆ ತೋರಿಸಿ ವಿವರಿಸಿದಳು. ಅವರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

ಜೂನ್‌ನಲ್ಲಿ ಆದೇಶ ಬಂತು. ಪೋಸ್ಟು ಕಾಯಂ. ಆದರೆ ಟಿ. ನರಸೀಪುರದಲ್ಲಿ ಇಂಥದ್ದೇ ಒಂದು ಯಂತ್ರ ಕೂರಿಸಬೇಕು, ಅಲ್ಲಿಗೆ ಇವಳೇ ಮುಖ್ಯಸ್ಥೆ. ನನ್ನ ಬಲಗೈಯನ್ನೇ ಮುರಿದು ಅಲ್ಲಿಗೆ ಕಳಿಸುತ್ತೀರಲ್ಲ ಎಂದು ಕಾರ್ಯದರ್ಶಿಗಳ ಕೋಣೆಯಲ್ಲಿ ಜಗಳವಾಡಿದೆ. ಹೊರಗೆ ಬಂದು ಅವಳನ್ನು ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟೆ.

ಆಗಸ್ಟ್‌ನ ಒಂದು ಮಧ್ಯಾಹ್ನ ಟಿ. ನರಸೀಪುರದಲ್ಲಿ ಕರೆಂಟು ಹೋಗಿ ಹೊಸ ಯಂತ್ರ ಆರಿಹೋಗಿದೆ ಎಂದು ಅಲ್ಲಿನ ಪ್ರಿನ್ಸಿಪಾಲರಿಂದ ತಿಳಿಯಿತು. ಸ್ಕೂಟರಿನ ಕೀ ಹಿಡಿದು ಅವಳಿಗೆ ಫೋನು ಮಾಡಿದೆ.

"ಇರಮ್ಮ, ಹೊರಟೆ, ಬಂದುಬಿಡ್ತೀನಿ."

"ಅದ್ಯಾಕ್ ಬತ್ತೀರಿ ಸಾ, ಎಲ್ಲ ಎದ್ದ್ ಕೂತವೆ ಆಗ್ಲೇ" ಎಂದಳು. ಫೋನಿಡುವ ಮುನ್ನ ಸೇರಿಸಿದಳು: "ಬರದಾದ್ರೆ ಬನ್ನಿ. ಸರ್ವರ್ ರೂಮ್ ಬಾಗ್ಲಲ್ಲಿ ನನ್ನೆಸ್ರು ಬರ್ಸವ್ರೆ. ಅದ್ನ ನೋಡ್ಕಂಡ್ ಓಗೀರಂತೆ."

ಹೋದೆ. ಹಸಿರು ಬಾಗಿಲಿನ ಮೇಲೆ ಬಿಳಿ ಅಕ್ಷರದಲ್ಲಿ ಅವಳ ಹೆಸರು, ಕೆಳಗೆ ಹುದ್ದೆ. ತಾತ್ಕಾಲಿಕ ಎಂಬ ಪದ ಎಲ್ಲೂ ಇರಲಿಲ್ಲ. ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು. ಈ ಪೇಂಟಿನ ವಾಸನೆ ಎಂಥ ದರಿದ್ರದ್ದು ಎಂದು ಜೋರಾಗಿ ಬೈದೆ.

"ಬರ್ದು ಒಂದ್ ತಿಂಗ್ಳಾಯ್ತು ಸಾ" ಎಂದಳು ಅವಳು.