ಮಾತು ಕೊಟ್ಟ ಜಾಗ

ಪಕ್ಕದ ಮನೆಯಾಕೆ ಆಲೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಕನ್ನಡಕ ತಲೆಗೇರಿಸಿದರೆಂದರೆ ವಾದಕ್ಕೆ ಸಿದ್ಧ. ಒಮ್ಮೆ ನಮ್ಮ ಕಾಫಿ ಮೂಟೆ ಹಾಕಲು ಹೋದಾಗ ಕಾರ್ಖಾನೆಯ ಯಜಮಾನರು ಅವರ ಮೇಲೆ ಕೂಗಾಡುತ್ತಿದ್ದರು.

"ಸ್ಕ್ರೀನಲ್ಲಿ ಅಷ್ಟೊಂದು ಜಾಗ ತೋರಿಸ್ತೈತಲ್ಲಮ್ಮ! ಹೊಸ ಕ್ಯಾಮೆರಾ ವಿಡಿಯೋನೂ ಅದಕ್ಕೇ ತುಂಬು."

ಕನ್ನಡಕ ಮೇಲೇರಿತು.

"ಎಷ್ಟು ಸಲ ಹೇಳ್ಲಿ ಸಾರ್? ಅದು ಬರೀ ಮಾತು ಕೊಟ್ಟಿರೋ ಜಾಗ. ಎಲ್ಲಾ ವಿಭಾಗಕ್ಕೂ ಹಂಗೇ, ಇರೋದಕ್ಕಿಂತ ಜಾಸ್ತಿ ಮಾತು ಕೊಟ್ಟಿದೀವಿ. ಏನಾದ್ರೂ ಬರೆದಾಗ್ಲೇ ನಿಜವಾದ ಡಿಸ್ಕಿಂದ ಚೂರುಚೂರು ಜಾಗ ಹೋಗೋದು. ಆ ಡಿಸ್ಕ್ ತುಂಬ್ತಾ ಬಂದೈತೆ. ಪೂರ್ತಿ ತುಂಬೋದ್ರೆ ಬೆಳೆಗಾರ್ರ ಮೂಟೆ ತೂಕಾನೂ ಬರ್ಕೊಳ್ಳಕ್ಕಾಗಲ್ಲ."

"ಕೆಲಸ ಹೋಗ್ತದೆ ನೋಡು!"

"ಹೋಗ್ಲಿ ಬುಡಿ. ಹೊಸ ಡಿಸ್ಕ್ ಬರೋಗಂಟ ಕ್ಯಾಮೆರಾ ಹಾಕಲ್ಲ."

ಸರ್ವರ್ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಎಳೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತರು. ಯಜಮಾನರು ಡಿಸ್ಕ್ ತರಿಸಲು ಹಾಸನಕ್ಕೆ ಫೋನ್ ಮಾಡುವವರೆಗೂ ಏಳಲಿಲ್ಲ.