ಅಕ್ಕನ ಉಸಿರಿಗೆ ಒಗ್ಗಿದ ದಾರಿ

ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ದಿನವೂ ಮೊದಲು ಒಗೆಯುತ್ತಿದ್ದುದು ಮೈಮೇಲಿನ ಬಟ್ಟೆಯನ್ನಲ್ಲ, ಕಿಟಕಿಯ ಸಂದಿಗಳಿಗೆ ತುರುಕಿದ್ದ ಹಳೆಯ ಸೀರೆಯ ತುಂಡುಗಳನ್ನು. ಬಳ್ಳಾರಿಯಲ್ಲಿ ದೊಡ್ಡ ರಸ್ತೆಗೆ ಮುಖ ಮಾಡಿದ ಮನೆಗಳಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಹೀಗೆ ಊಹಿಸಿಕೊಳ್ಳಿ: ಬಕೆಟ್ಟಿನಲ್ಲಿ ಅದ್ದಿದ ಬಟ್ಟೆ ನೀರನ್ನು ಮೊದಲು ಕೆಂಪಾಗಿಸುತ್ತದೆ, ಬದಲಿಸಿದ ನೀರನ್ನು ಕಪ್ಪಾಗಿಸುತ್ತದೆ. ಕೆಂಪು, ಅದಿರಿನ ಲಾರಿಗಳು ಉದುರಿಸಿ ಹೋದದ್ದು. ಕಪ್ಪು, ಅವು ಉಸಿರಾಗಿ ಬಿಟ್ಟು ಹೋದದ್ದು.

ಆ ಕಿಟಕಿಯ ಪಕ್ಕದಲ್ಲೇ ನನ್ನ ಅಕ್ಕ ಬಸಮ್ಮನ ಹೊಲಿಗೆ ಯಂತ್ರವಿತ್ತು. ಅವಳು ದೇಶನೂರಿಗೆ ಮದುವೆಯಾಗಿ ಹೋಗಿ, ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಷ್ಟರಲ್ಲಿ ನಮ್ಮ ತಾಯಿಯೂ ತೀರಿಕೊಂಡಿದ್ದರಿಂದ, ಇನ್ನೂ ಶಾಲೆಗೆ ಹೋಗುತ್ತಿದ್ದ ತಂಗಿ ನನಗೆ ಅವಳೇ ತಾಯಿಯಾದಳು. ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿದು ನನ್ನನ್ನು ಓದಿಸಿದಳು. ಹೊಲಿಗೆಗೆ ಬೆಳಕು ಬೇಕು, ಬೆಳಕಿಗೆ ಬಾಗಿಲು ತೆರೆಯಬೇಕು, ತೆರೆದ ಬಾಗಿಲಿನಿಂದ ಬೆಳಕೊಂದೇ ಬರುವುದಿಲ್ಲವಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುವ ಹೊತ್ತಿಗೆ ಅವಳ ಎದೆಯೊಳಗೊಂದು ಸಣ್ಣ ಸಿಳ್ಳೆ ಬಂದು ಸೇರಿಕೊಂಡಿತ್ತು.

ಹೊಗೆಯಲ್ಲಿ, ಧೂಳಿನಲ್ಲಿ ಓಡಾಡಬಾರದೆಂದು ವೈದ್ಯರು ಹೇಳಿದರು. ಅವೆರಡೂ ಇಲ್ಲದ ರಸ್ತೆ ಎಲ್ಲಿದೆಯೆಂದು ಹೇಳಲಿಲ್ಲ. ಅದು ಅವರ ತಪ್ಪೂ ಅಲ್ಲ. ಅಕ್ಕನಿಗೆ ಓಡಾಟವೆಂಬುದೆಲ್ಲ ಒದ್ದಾಟವಾಯಿತು. ಸಿಗ್ನಲ್ಲಿನಲ್ಲಿ ಹಳೆಯ ಬಸ್ಸಿನ ಹಿಂದೆ ನಮ್ಮ ಸ್ಕೂಟರು ನಿಂತರೆ ಸಾಕು, ಅವಳ ಕೈ ನನ್ನ ಭುಜವನ್ನು ಬಿಗಿಯುತ್ತಿತ್ತು. ಮೆಲ್ಲಗೆ ಸಂತೆ ಬಿಟ್ಟಳು, ಮದುವೆಮುಂಜಿ ಬಿಟ್ಟಳು, ಕೊನೆಗೆ ಹೊಸಿಲು ದಾಟುವುದನ್ನೇ ಬಿಟ್ಟಳು. ಬಿಡದೆ ಉಳಿಸಿಕೊಂಡದ್ದು ದೇಶನೂರಿನ ಗಂಗಮ್ಮನ ಜೊತೆಗಿನ ಫೋನಿನ ಮಾತು ಮಾತ್ರ. ಅಕ್ಕನ ಗಂಡ ಸತ್ತಾಗ ತನ್ನ ಮನೆಯ ಒಲೆ ಆರಿಸಿ ಬಂದು ಅವಳ ಮನೆಯ ಒಲೆ ಹಚ್ಚಿದ ನೆರೆಯವಳು ಆಕೆ. ಈಗ ಆಕೆಗೆ ಮೊಣಕಾಲು ನೆಟ್ಟಗಿಲ್ಲ. "ನೀ ಬಾರಲೇ ಬಸೀ" ಎಂದು ಆಕೆ, "ಹೆಂಗ ಬರ್ಲಿ ಹೇಳು" ಎಂದು ಈಕೆ; ಪ್ರತಿಸಲವೂ ಮಾತು ಅಲ್ಲಿಗೆ ಬಂದು ನಿಲ್ಲುತ್ತಿತ್ತು.

ಆಮೇಲೆ ಒಂದೊಂದಾಗಿ ಏನೋ ಬದಲಾಗುತ್ತ ಬಂತು. ಅದಿರು ಹೆಚ್ಚಾಗಿ ರೈಲು ಹತ್ತಿತು. ಉಳಿದ ಲಾರಿಗಳು ತಾಡಪಾಲು ಹೊದ್ದು ಊರಾಚೆಯ ದಾರಿ ಹಿಡಿದವು. ಯಾರು ಅರ್ಜಿ ಹಿಡಿದು ಅಲೆದರೋ, ಯಾವ ಅಧಿಕಾರಿ ಸಹಿ ಹಾಕಿದರೋ ನನಗೆ ತಿಳಿಯದು. ಹೆಸರೇ ಗೊತ್ತಿಲ್ಲದವರಿಗೆ ಕೃತಜ್ಞತೆ ಹೇಳುವುದು ಹೇಗೆ? ಅವರು ಎಲ್ಲಿದ್ದರೂ ಅವರ ಮನೆಯ ಕಿಟಕಿಗಳು ತೆರೆದಿರಲಿ ಎಂದು ಹಾರೈಸಿದ್ದೇನೆ.

ಅದೇ ದಿನಗಳಲ್ಲಿ ನಮ್ಮ ಓಣಿಯ ಸುಜಾತ ಕರೆಂಟಿನ ಆಟೋ ಒಂದನ್ನು ಕೊಂಡಳು. ಇನ್ನೊಬ್ಬರು ಓಡಿಸಿ ಮಾರಿದ್ದು, ಬ್ಯಾಟರಿ ಹಳೆಯದು. ಗಾಜಿನ ಮುಂದೆ ಪುಟ್ಟ ಬುದ್ಧನ ಬೊಂಬೆಯನ್ನು ಕೂರಿಸಿಕೊಂಡು ಅದು ಸದ್ದಿಲ್ಲದೆ ಬಂದು ನಿಂತಾಗ ಅಕ್ಕ ಕಿಟಕಿಯಿಂದ ಬಹಳ ಹೊತ್ತು ನೋಡಿದಳು. "ಕುಂದರ್ರಿ ಬಸಮ್ಮಕ್ಕ, ಒಂದ್ ಸುತ್ತು ಹಾಕ್ಕೊಂಡು ಬರೋಣು" ಎಂದು ಸುಜಾತ ಕರೆದಳು. ಬಳ್ಳಾರಿ ಗುಡ್ಡದ ಬುಡದವರೆಗೆ ಹೋಗಿ ಬಂದ ಅಕ್ಕನ ಮುಖದಲ್ಲಿ, ಬಹುಕಾಲ ನಾನು ಕಾಣದಿದ್ದ ಒಂದು ತುಂಟತನವಿತ್ತು. "ಇದು ನನ್ನಂಗ ಕೆಮ್ಮಂಗಿಲ್ಲಲೇ" ಎಂದಳು.

ಒಂದು ತಿಂಗಳೂ ಆಗಿರಲಿಲ್ಲ, ಅಕ್ಕ ಕೇಳಿಯೇಬಿಟ್ಟಳು: "ಸುಜಾತಾ, ಇದು ದೇಶನೂರಿಗೆ ಮುಟ್ಟತೈತೇನು?"

ಸುಜಾತ ಬೆರಳು ಮಡಚಿ ದೂರ ಲೆಕ್ಕ ಹಾಕಿದಳು. "ಒಂದೇ ಚಾರ್ಜಿನ್ಯಾಗ ಮುಟ್ಟಂಗಿಲ್ಲಕ್ಕ. ಕುರುಗೋಡಿನ್ಯಾಗ ನಮ್ಮ ದೊಡ್ಡಮ್ಮ ಅದಾಳ. ಅಲ್ಲಿ ಚಾರ್ಜಿಗೆ ಹಾಕಿ, ಉಂಡು, ಮುಂದ ಹೋದ್ರಾತು."

ನನಗೆ ಭಯ. ದಾರಿಯಲ್ಲಿ ಉಸಿರು ಕಟ್ಟಿದರೆ ಏನು ಗತಿ? ಅಕ್ಕ ಇನ್‌ಹೇಲರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಗದ್ದಿಗೊಂದು ಪಂಪು, ನನ್ನ ಎದಿಗೊಂದು ಪಂಪು, ನಡೀ" ಎಂದು ಹೊರಟೇಬಿಟ್ಟಳು.

ಕುರುಗೋಡಿನವರೆಗೆ ಎಲ್ಲವೂ ಸುಸೂತ್ರ. ಬಂಡೆಗುಡ್ಡದ ನೆರಳಿನಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಆಟೋವನ್ನು ಚಾರ್ಜಿಗೆ ಹಾಕಿ, ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಕರೆಂಟು ಹೋಯಿತು. ಲೈನು ರಿಪೇರಿಯಂತೆ, ಯಾವಾಗ ಬರುವುದೋ ಯಾರಿಗೂ ಗೊತ್ತಿಲ್ಲ. "ಏಂ ಕಾದಮ್ಮಾ" ಎಂದು, ಏನೂ ಆಗುವುದಿಲ್ಲವೆಂಬ ಧೈರ್ಯವನ್ನು ತೆಲುಗಿನಲ್ಲಿ ಹೇಳಿ, ಆ ದೊಡ್ಡಮ್ಮ ಬೇವಿನ ಮರದಡಿ ಮಂಚ ಹಾಕಿದರು. ಬಿಸಿಲು ಏರಿತು. ಅಕ್ಕನ ಎದೆಯ ಸಿಳ್ಳೆ ನನಗೆ ಕೇಳಿಸತೊಡಗಿತು. ಅಷ್ಟರಲ್ಲಿ ಸಿರುಗುಪ್ಪಕ್ಕೆ ಹೊರಟಿದ್ದ ಡೀಸೆಲ್ ಟೆಂಪೊ ಒಂದರ ಚಾಲಕ ನಮ್ಮನ್ನು ಕರೆದೊಯ್ಯಲು ಒಪ್ಪಿದ. ಒಳ್ಳೆಯ ಮನುಷ್ಯ, ಆದರೆ ಗಾಡಿ ನಿಂತಲ್ಲೇ ಬುಸುಗುಟ್ಟುತ್ತ ಕರಿ ಹೊಗೆ ಉಗುಳುತ್ತಿತ್ತು. ಬೇಗ ತಲುಪಿದರೆ ಸಾಕೆಂದು ನಾನು ಒತ್ತಾಯಿಸಿದೆ. ಅಕ್ಕ ಸೆರಗನ್ನು ಮೂಗಿಗೆ ಹಿಡಿದು ಹೇಳಿದಳು: "ಕುಂತು ಕಾಯ್ತೀನಿ. ಕೆಮ್ಮಿಕೊಂತ ಮಾತ್ರ ಹೋಗಂಗಿಲ್ಲ. ಗಂಗಿ ನನ್ನ ನೋಡಿ ಅಳಬಾರದು."

ಹಾಗೆ ಕಾಯುತ್ತ ಕುಳಿತಾಗ, ಓದುಗ ಮಿತ್ರರೇ, ನನ್ನ ಮನಸ್ಸು ಆ ತಂತಿಯ ಗುಂಟ ಹೋಯಿತು. ಈ ಕರೆಂಟೂ ಆಕಾಶದಿಂದ ಇಳಿಯುವುದಲ್ಲ. ನಮ್ಮ ಜಿಲ್ಲೆಯಲ್ಲೇ ಕಲ್ಲಿದ್ದಲು ಉರಿಸಿ ಅದನ್ನು ಹುಟ್ಟಿಸುತ್ತಾರೆ. ಒಂದಿಷ್ಟು ಬಿಸಿಲಿನಿಂದ, ಒಂದಿಷ್ಟು ಗಾಳಿಯಿಂದ, ಒಂದಿಷ್ಟು ತುಂಗಭದ್ರೆಯ ನೀರಿನಿಂದ ಬರುತ್ತದೆ. ಬಳ್ಳಾರಿಯ ಬೀದಿಯಲ್ಲಿ ಇಲ್ಲವಾದ ಹೊಗೆ ಇನ್ನಾರದೋ ಹಿತ್ತಲಲ್ಲಿ ಏಳುತ್ತಿರಬಹುದು. ಇಷ್ಟು ದೊಡ್ಡ ದೇಶ ಸುಮ್ಮನೆ ಕೂರಲಾರದು. ಭತ್ತ ಗಿರಣಿಗೆ ಹೋಗಬೇಕು, ಬಸುರಿ ಆಸ್ಪತ್ರೆಗೆ ಹೋಗಬೇಕು, ನೆರೆಯವಳು ನೆರೆಯವಳನ್ನು ನೋಡಬೇಕು. ಚಲಿಸುವುದು ತಪ್ಪಲ್ಲ, ನಮ್ಮ ಚಲನೆಯ ಭಾರ ಇನ್ನೊಬ್ಬರ ಎದೆಯ ಮೇಲೆ ಬೀಳದಂತೆ ಚಲಿಸಲು ಈಗೀಗ ಕಲಿಯುತ್ತಿದ್ದೇವೆ. ಕಲಿಕೆ ಮುಗಿದಿಲ್ಲ, ಶುರುವಾಗಿದೆ ಎಂಬುದೇ ನನಗೆ ಆ ಮರದಡಿ ದೊಡ್ಡ ಸಮಾಧಾನವಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರೆಂಟು ಬಂತು. ಆದಷ್ಟು ಚಾರ್ಜು ತುಂಬಿಸಿಕೊಂಡು ಹೊರಟೆವು. ಸಿರುಗುಪ್ಪ ದಾಟಿದ ಮೇಲೆ ಸುಜಾತ ವೇಗ ತಗ್ಗಿಸಿದಳು. ಬ್ಯಾಟರಿಯ ಗೆರೆ ಕೆಂಪಿಗೆ ಇಳಿದಿತ್ತು. ಆಟೋ ಸೈಕಲ್ಲಿನಷ್ಟು ನಿಧಾನವಾಯಿತು. ಆ ನಿಧಾನದಲ್ಲೇ ಅಕ್ಕ ಎಲ್ಲವನ್ನೂ ನೋಡಿದಳು: ನಾಟಿಯಾದ ಗದ್ದೆಯ ಎಳೆ ಹಸಿರು, ತೂಬಿನ ಬಾಯಲ್ಲಿ ಮುಖ ತೊಳೆಯುವ ಹೆಂಗಸರು, ನೀರಿನಲ್ಲಿ ನಿಂತ ಬೆಳ್ಳಕ್ಕಿ. ಮೂಗಿನ ಮೇಲಿನ ಸೆರಗು ಯಾವಾಗಲೋ ಜಾರಿತ್ತು. ಒದ್ದೆ ಮಣ್ಣಿನ ವಾಸನೆಯನ್ನು ಅವಳು ಹಸಿದವರು ಉಣ್ಣುವಂತೆ ಎಳೆದುಕೊಳ್ಳುತ್ತಿದ್ದಳು.

ಗಂಗಮ್ಮ ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದರು. ಆಟೋ ಬೆನ್ನ ಹಿಂದೆ ಬಂದು ನಿಂತರೂ ಸದ್ದಿಲ್ಲದ್ದರಿಂದ ತಿರುಗಲಿಲ್ಲ. ಅಕ್ಕ ಇಳಿದು ಹೋಗಿ ಅವರ ಭುಜ ಮುಟ್ಟಿದಳು.

"ಬಸೀ, ಬಂದೇನು" ಎಂದರು ಗಂಗಮ್ಮ, ಪಕ್ಕದ ಮನೆಯಿಂದ ಬಂದವಳನ್ನು ಕೇಳುವಂತೆ. ಅಕ್ಕನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. "ಕೆಮ್ಮು ಐತಿ ಅಂತಿದ್ದಿ?"

"ಐತಿ. ಇವತ್ತು ಮನ್ಯಾಗ ಬಿಟ್ಟು ಬಂದೀನಿ."

ಮರುದಿನ ಸುಜಾತ ಆಟೋಗೆ ಚಾರ್ಜು ತುಂಬಿಸಿಕೊಂಡು, ದೊಡ್ಡಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬರಲು ಕುರುಗೋಡಿನ ಕಡೆ ತಿರುಗಿದಳು. ಅಕ್ಕ ಕೆಲವು ದಿನ ಅಲ್ಲೇ ಉಳಿಯುವೆನೆಂದಳು. ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು ಹತ್ತಿದೆ. ಅದೂ ಡೀಸೆಲ್ಲಿನದೇ, ಆದರೆ ಹೊಲಿಗೆ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು, ಸೊಪ್ಪಿನ ಗಂಟಿನ ಮುದುಕಿ, ಕೂಸು ಎತ್ತಿಕೊಂಡ ತಾಯಿ, ಇಷ್ಟೂ ಜನರಿಗೆ ಒಂದೇ ಎಂಜಿನ್ನು. "ಸರಕೊಂತೀವಿ, ಕುಂದರ್ರಿ ಅಕ್ಕಾರ" ಎಂದು ಯಾರೋ ನನಗೆ ಅಂಗೈಯಗಲ ಜಾಗ ಮಾಡಿಕೊಟ್ಟರು. ಸ್ಕೂಟರಿನಲ್ಲಿ ಒಬ್ಬಳಿಗಾಗಿ ಒಂದು ಎಂಜಿನ್ನು ಉರಿಸುತ್ತ ಕಾಲೇಜಿಗೆ ಹೋಗುತ್ತಿದ್ದ ನಾನು ಆ ಜಾಗದಲ್ಲಿ ಆರಾಮವಾಗಿ ಕುಳಿತೆ. ಮರುವಾರದಿಂದ ಕಾಲೇಜಿಗೂ ಬಸ್ಸಿನಲ್ಲೇ ಹೋಗುತ್ತಿದ್ದೇನೆ.

ಮೊನ್ನೆ ಸಂಜೆ ಅಕ್ಕನ ಫೋನು ಬಂತು. ಹಿಂದೆ ಕಾಲುವೆಯ ನೀರಿನ ಸದ್ದು, ಗಂಗಮ್ಮನ ನಗು.

"ಏರಿ ಮ್ಯಾಲೆ ತೂಬಿನ ಮಟ ನಡದೀನಿ" ಎಂದಳು. "ಗಂಗಿಗೆ ಮೊಣಕಾಲು ಹಿಡಿತು. ಆಕಿ ಸಲುವಾಗಿ ನಿಂತೀನಿ, ನನ್ನ ಸಲುವಾಗಿ ಅಲ್ಲ."